ಸಿಲ್ವರ್ ಮರದಲ್ಲಿ ನೇತಾಡುತ್ತ ನಿದ್ದೆಹೋದ ಫೋನು

ನನ್ನ ಫೋನಿನೊಳಗೆ ಕೂತು ಬ್ಯಾಟರಿ ಉಳಿಸುತ್ತಿರುವ ಮಾನ್ಯರೇ,

ಸಂಸೆಯಿಂದ ಶಶಿಕಿರಣ್ ಮಾಡುವ ನಮಸ್ಕಾರಗಳು. ಈ ಪತ್ರ ಓದುವಷ್ಟು ಹೊತ್ತು ತಾವು ಎಚ್ಚರವಾಗಿರುತ್ತೀರೆಂದು ನಂಬಿ, ಇಷ್ಟು ದಿನ ಮುಚ್ಚಿಟ್ಟಿದ್ದ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟ ನನ್ನನ್ನು ಊರಿನವರು ಮೊಬೈಲ್ ಡಾಕ್ಟರ್ ಎನ್ನುತ್ತಾರೆ, ಆದರೆ ನನಗೆ ಬರುತ್ತಿದ್ದ ಚಿಕಿತ್ಸೆ ಒಂದೇ: ತೆರೆದಿರುವ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಚ್ಚಿ, ಈಗ ಹಗುರಾಯಿತು ಎಂದು ಗಂಭೀರವಾಗಿ ಹೇಳಿ ಫೋನು ವಾಪಸು ಕೊಡುವುದು. ಮೆಮೊರಿಯಲ್ಲಿ ಸುಮ್ಮನೆ ಕೂತ ಆ್ಯಪ್ ತಿನ್ನುವ ಬ್ಯಾಟರಿ ಇಲ್ಲವೆನ್ನುವಷ್ಟು ಕಡಿಮೆ, ಅದನ್ನು ಮುಚ್ಚಿ ಮತ್ತೆ ಮೊದಲಿನಿಂದ ಎಬ್ಬಿಸುವುದಕ್ಕೇ ಹೆಚ್ಚು ಖರ್ಚು ಎಂದು ನನಗೆ ತಿಳಿದದ್ದು ಈ ವಾರ, ಅದೂ ತಮ್ಮ ಕೃಪೆಯಿಂದ.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಕಾಫಿ ಒಣಗಿಸುವ ಕಣದ ಅಂಚಿನ ಸಿಲ್ವರ್ ಓಕ್ ಮರದಲ್ಲಿ ಮಾತ್ರ. ಆದ್ದರಿಂದ ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಲ್ಲಿಯ ಮೊಳೆಗೆ ನೇತುಹಾಕುತ್ತೇವೆ. ಗಾಳಿ ಬೀಸಿದ ದಿನ ಮೆಸೇಜುಗಳು ಬರುತ್ತವೆ, ಬೀಸದ ದಿನ ಬರುವುದಿಲ್ಲ. ಹಾಗಾಗಿ ಸಿಗ್ನಲ್ಲನ್ನು ಗಾಳಿಯೇ ಹೊತ್ತು ತರುತ್ತದೆ ಎಂದು ನಮ್ಮ ಕಡೆಯವರೆಲ್ಲ ನಂಬಿದ್ದರು, ಡಾಕ್ಟರಾದ ನಾನಂತೂ ಅದನ್ನು ಇತರರಿಗೆ ವಿವರಿಸಿ ಹೇಳುತ್ತಿದ್ದೆ.

ಹೀಗಿರುವಾಗ ಮೂಡಿಗೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಜಯಪ್ರಕಾಶ್ ಅವರು, ತಮ್ಮಲ್ಲಿರುವ ಹುಡುಗ ಕೆಲಸ ಬಿಟ್ಟ ದಿನ ಆ ಜಾಗಕ್ಕೆ ಬರುವಂತೆ ನನಗೆ ಮೆಸೇಜು ಹಾಕುವುದಾಗಿಯೂ, ಅಂದೇ ಸಂಜೆಯೊಳಗೆ ಉತ್ತರ ಬಾರದಿದ್ದರೆ ಬಣಕಲ್ಲಿನ ಇನ್ನೊಬ್ಬನನ್ನು ಕರೆಯುವುದಾಗಿಯೂ ಹೇಳಿದ್ದರು. ಒಂದು ಕಡೆ ಕೂರಲಾರದ ನನಗೆ, ಕೂತು ಕಲಿಯಬೇಕು ಅನ್ನಿಸಿದ ಕೆಲಸ ಅದೊಂದೇ. ಮೊನ್ನೆ ಬೆಳಿಗ್ಗೆ ತಿಂಡಿಯ ಹೊತ್ತಿಗೇ ಅವರು ಆ ಮೆಸೇಜು ಹಾಕಿದ್ದರೆಂದು ನನಗೆ ಆಮೇಲೆ ತಿಳಿಯಿತು. ಅಂದು ಒಂದು ಎಲೆಯೂ ಅಲ್ಲಾಡಲಿಲ್ಲ. ನಾನು ಅದೇ ಮರದ ಕೆಳಗೆ ಕಾಫಿ ಕೆದಕುತ್ತ ಗಾಳಿಗಾಗಿ ಆಕಾಶ ನೋಡುತ್ತಿದ್ದೆ, ತಾವು ನನ್ನ ತಲೆಯ ಮೇಲೆಯೇ ಗೊರಕೆ ಹೊಡೆಯುತ್ತಿದ್ದಿರಿ.

ಕತ್ತಲಾಗುವಾಗ ದೊಡ್ಡಮ್ಮ ವಿಮಲಮ್ಮ ಎಂದಿನಂತೆ ಲೂಡೋ ಆಡಲೆಂದು ಫೋನನ್ನು ಮೊಳೆಯಿಂದ ತೆಗೆದ ಕೂಡಲೇ ದಿನದ ಮೆಸೇಜುಗಳೆಲ್ಲ ಒಟ್ಟಿಗೆ ಉದುರಿದವು, ಗಡುವು ಮೀರಿದ ಜಯಪ್ರಕಾಶ್ ಅವರದೂ ಅದರಲ್ಲಿತ್ತು. ಗಾಳಿಯೇ ಇಲ್ಲದೆ ಹೇಗೆ ಬಂತು ಎಂದು ನಾನು ಕೂಗಾಡಿದರೆ, ಅವರು "ಗಾಳಿ ಎಂತಕ್ಕೆ ಮಾರಾಯ, ನಾನು ಕೈಗೆ ತಗೊಂಡ್ರೆ ದಿನಾ ಹೀಗೇ ಟಣಟಣ ಅಂತದೆ" ಎಂದು ದಾಳ ಹಾಕಿದರು.

ಆ ಮಾತಿನ ಬೆನ್ನು ಹತ್ತಿ ಹುಡುಕಿದಾಗ ತಮ್ಮ ದಿನಚರಿ ತಿಳಿಯಿತು. ಪರದೆ ಆರಿ, ಚಾರ್ಜರ್ ಇಲ್ಲದೆ, ಅಲುಗಾಡದೆ ಇರುವ ಫೋನು ಯಾರಿಗೂ ಬೇಡವಾದದ್ದೆಂದು ತೀರ್ಮಾನಿಸಿ ತಾವು ಅದನ್ನು ಗಾಢನಿದ್ರೆಗೆ ಕಳಿಸುತ್ತೀರಿ, ಅಪರೂಪಕ್ಕೊಮ್ಮೆ ಕಣ್ಣು ತೆರೆದರೂ ದಿನವೂ ಮುಟ್ಟದ ಆ್ಯಪ್‌ಗಳ ಕಡೆ ನೋಡುವುದಿಲ್ಲ. ಗಾಳಿ ತಂದದ್ದು ಸಿಗ್ನಲ್ಲನ್ನಲ್ಲ, ಕವರನ್ನು ತೂಗಿ ತಮ್ಮನ್ನು ಮಲಗಗೊಡದೆ ಇಟ್ಟಿತ್ತು, ಅಷ್ಟೆ. ತೊಟ್ಟಿಲು ತೂಗಿದರೆ ಎದ್ದು ಕೂರುವ, ನಿಲ್ಲಿಸಿದರೆ ಮಲಗುವ ಮಗುವನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅಂದು ಸಂಜೆ ಬ್ಯಾಟರಿ ತೊಂಬತ್ತರ ಮೇಲೇ ಇತ್ತು, ಅದಕ್ಕಾಗಿ ತಮ್ಮನ್ನು ಎಷ್ಟು ಹೊಗಳಿದರೂ ಕಡಿಮೆ. ದೊಡ್ಡಮ್ಮನ ಲೂಡೋ ಆಟವನ್ನು ಮೆಮೊರಿಯಲ್ಲಿ ಬೆಚ್ಚಗೆ ಕಾಯ್ದಿಟ್ಟು, ನನ್ನ ಬದುಕನ್ನು ಮಾತ್ರ ಮಲಗಿಸಿದ ತಮ್ಮ ವಿವೇಚನೆಯೂ ದೊಡ್ಡದು.

ಮರುದಿನ ಜಯಪ್ರಕಾಶ್ ಅವರಿಗೆ, ನನಗೆ ಜ್ವರ ಬಂದಿತ್ತೆಂದು ಬರೆಯಬಹುದಿತ್ತು. ಆದರೆ ನನಗೆ ಸುಳ್ಳು ಹೇಳಲು ಬರುವುದಿಲ್ಲವಾದ್ದರಿಂದ ಮರ, ಮೊಳೆ, ಗಾಳಿ ಮತ್ತು ನನ್ನ ಡಾಕ್ಟರಿಕೆ ಎಲ್ಲವನ್ನೂ ಬರೆದು ಕಳಿಸಿ, ಉತ್ತರ ಬರುವವರೆಗೆ ಕವರನ್ನು ಕೈಯಾರೆ ತೂಗುತ್ತ ನಿಂತೆ. "ಬಣಕಲ್ ಹುಡುಗಂಗೆ ನಿನ್ನೆ ಸಂಜೆನೇ ಹಾಕಿದ್ದೆ, ಅವನ್ದೂ ಸುದ್ದಿ ಇಲ್ಲ ಮಾರಾಯ. ನಿಂಗೆ ಕಾರಣ ಆದ್ರೂ ಗೊತ್ತಾಗಿದೆ, ಬಂದ್ಬಿಡು" ಎಂದು ಅವರ ವಾಯ್ಸ್ ಮೆಸೇಜು ಬಂತು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಇನ್ನು ಮುಂದೆ ದಯಮಾಡಿ ಒಂದು ಕಣ್ಣು ತೆರೆದು ಮಲಗಬೇಕು. ಅದಾಗದಿದ್ದರೆ, ಸಂಸೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಿತವಾದ ಗಾಳಿ ಬೀಸುವಂತೆ ತಾವೇ ಏರ್ಪಾಡು ಮಾಡಬೇಕು.

ಎಚ್ಚರವಾಗಿಯೇ ಇರುವ ತಮ್ಮ ವಿಶ್ವಾಸಿ,
ಶಶಿಕಿರಣ್

ಮರೆತ ಮಾತು: ಬಣಕಲ್ಲಿನ ಹುಡುಗನ ಫೋನಿನಲ್ಲೂ ತಾವೇ ಇರುವಂತೆ ಕಾಣುತ್ತದೆ. ಎದ್ದು ಅವನ ಮೆಸೇಜನ್ನು ಅವನಿಗೆ ತಲುಪಿಸಿಬಿಡಿ, ಪಾಪ, ಅವನಿಗೂ ತಿಳಿಯಲಿ. ಆದರೆ ನಿಜ ಹೇಳಬೇಕೆಂದರೆ, ಅವಸರವೇನೂ ಇಲ್ಲ. ನಾಳೆ ಬೆಳಗಿನ ಮೊದಲ ಬಸ್ಸಿಗೆ ನಾನು ಮೂಡಿಗೆರೆಗೆ ಹೋಗುತ್ತಿದ್ದೇನೆ.