ಕಪಾಟಿನೊಳಗಿನ ಚುಂಬಕ

ರಸಾಯನಶಾಸ್ತ್ರ ಕಲಿಸೂದಂದ್ರ ಜಗಳಾಡೂದು ಅಂತ ಬಿ.ಎಡ್. ಕಲಿಯುವಾಗ ನನಗ ಯಾರೂ ಹೇಳಿರಲಿಲ್ಲ. ಅಕ್ಕಲಕೋಟ ತಾಲೂಕಿನ ನಮ್ಮ ಕನ್ನಡ ಸಾಲ್ಯಾಗ ಇಂಥಾದ್ದೊಂದು ಜಗಳ ಇದ್ದೇ ಇರ್ತದ. ಅದಕ್ಕ ಸೋಲಾಪುರದಾಗ ಬಸ್ ಹತ್ತುವಾಗನ ಸೆರಗು ಬಿಗಿ ಮಾಡ್ಕೊಂಡು ಹತ್ತತೀನಿ.

೧. ಚಿತ್ರ ಅದಲ್ರಿ

ಎಂಟನೇ ಇಯತ್ತೆಗೆ ಮಿಶ್ರಣ, ಸಂಯುಕ್ತ ಕಲಿಸಬೇಕಿತ್ತು. ಕಬ್ಬಿಣದ ಪುಡಿ, ಗಂಧಕ ಕಲಸಿದ್ರ ಮಿಶ್ರಣ, ಚುಂಬಕ ಹಿಡದ್ರ ಕಬ್ಬಿಣ ಬ್ಯಾರೆ ಬರ್ತದ. ಕಾಸಿದ್ರ ಸಂಯುಕ್ತ, ಆಮ್ಯಾಲೆ ಚುಂಬಕದ ಆಟ ನಡಿಯೂದಿಲ್ಲ. ನಮ್ಮ ಪ್ರಯೋಗಾಲಯ ಅಂದ್ರ ಒಂದು ಕಪಾಟು. ಅದರ ಕೀಲಿಕೈ ಹೆಡ್‌ಮಾಸ್ತರರ ಉಡದಾರದಾಗ.

"ಸರ, ಚುಂಬಕ ಕೊಡ್ರಿ."

"ಪುಸ್ತಕದಾಗ ಚಿತ್ರ ಅದಲ್ರಿ ಮೇಡಂ."

"ಚಿತ್ರಕ್ಕ ಕಬ್ಬಿಣ ಅಂಟೂದಿಲ್ರಿ."

"ಹುಡುಗರ ಕೈಯಾಗ ಕೊಟ್ರ ತಿಕ್ಕಿ ಸವೀತದ. ತಪಾಸಣಿಗೆ ಸಾಹೇಬ್ರು ಬಂದ್ರ ಏನ್ ತೋರಸೂಣು?"

ಚುಂಬಕ ಸವೆಯೂದನ್ನ ನಾ ಅವತ್ತ ಮೊದಲ ಕೇಳಿದ್ದು. ಬಾಗಿಲದಾಗ ನಿಂತ ಎಂಟನೇ ಇಯತ್ತೆ ಹುಡುಗರು, ಹುಡುಗ್ಯಾರೂ ಕೇಳಿದ್ರು.

೨. ಚಟ್ನಿ ಪರೀಕ್ಷಾ

ಮಾವನವರ ಅಂಗಡ್ಯಾಗ ಕೆಟ್ಟ ಸ್ಪೀಕರೊಂದು ಬಿದ್ದಿತ್ತು. ಒಡದು ಚುಂಬಕ ತಗದೆ. "ಸಾಲಿಗೆ ಹೊಂಟೀಯೋ, ಗುಜರಿಗೋ?" ಅಂದ್ರು ಅತ್ತಿ. ಅನಕೋತನ ಶೇಂಗಾ ಚಟ್ನಿ ಡಬ್ಬಿ ಕಟ್ಟಿಕೊಟ್ರು. ವರ್ಗದಾಗ ಚುಂಬಕ ತೋರಿಸಿ, ಆಮ್ಯಾಲೆ ಚಟ್ನಿನೂ ತೋರಿಸಿದೆ. "ಇದೂ ಮಿಶ್ರಣ. ಶೇಂಗಾ, ಖಾರ, ಬಳ್ಳೊಳ್ಳಿ ಎಲ್ಲಾ ತಮ್ಮ ರುಚಿ ಉಳಿಸ್ಕೊಂಡಾವ, ನೋಡ್ರಿ" ಅಂದು ಹಲಗಿ ಕಡೆ ತಿರುಗಿದೆ. ಬರದು ಮುಗಿಸಿ ನೋಡಿದ್ರ ಡಬ್ಬಿ ಖಾಲಿ!

"ಎಲ್ಲಿ ಹೋತ್ರೋ ಮಿಶ್ರಣ?"

"ಪರೀಕ್ಷಾ ಮುಗೀತ್ರಿ ಮೇಡಂ. ನಾಳೆ ಭಕ್ರಿ ಜೋಡಿ ಇನ್ನೊಮ್ಮೆ ಮಾಡೂಣ್ರಿ."

ವಾಸನಿ ಹಿಡದು ಹೆಡ್‌ಮಾಸ್ತರ್ ಬಂದ್ರು. "ಇನ್ನೊಮ್ಮೆ ಮನಿ ಸಾಮಾನು ತಂದ್ರ ಎಂಟನೇ ಇಯತ್ತೆ ನಿಮ್ಮ ಕೈಯಿಂದ ತಗೋತೀನಿ."

ಆ ಒಂದು ತಾಸಿಗಾಗೇ ದಿನಾ ಬಸ್ಸಿನ್ಯಾಗ ಕುಂಭಾರಿ ಊರು ದಾಟಿ ಬರಾಕಿ ನಾ. ಆದ್ರ ಬಾಯಿ ಸುಮ್ನ ಕೂಡಬೇಕಲ್ಲ? "ತಗೋರಿ ಸರ. ಚುಂಬಕ ಮಾತ್ರ ನಾಳೆನೂ ತರ್ತೀನಿ" ಅಂದೆ.

೩. ಸಾಹೇಬ್ರು ಬಂದ್ರು

ತಪಾಸಣಿ ದಿನ ಹೆಡ್‌ಮಾಸ್ತರ್ ಹುಡುಗರ ಮಧ್ಯಾಹ್ನದ ಖಿಚಡಿ ಅಕ್ಕಿ ತೋರಸಾಕ ಚೀಲದಾಗ ಬಗ್ಗಿದ್ರು. ಉಡದಾರ ಹರೀತು, ಕಬ್ಬಿಣದ ಕೀಲಿಕೈ ಅಕ್ಕ್ಯಾಗ ಮುಳುಗ್ತು. ತೋಳತನಕ ಕೈ ಹಾಕಿ ಹುಡುಕಿದ್ರು, ಸಿಗಲಿಲ್ಲ. ಸಾಹೇಬ್ರು ಎಂಟನೇ ಇಯತ್ತೆಗೆ ಬಂದು ಮರಾಠ್ಯಾಗ, "ಪ್ರಯೋಗ ಮಾಡಿ ತೋರಸ್ರಿ" ಅಂದ್ರು.

"ಕಪಾಟಿನ್ಯಾಗ ಎಲ್ಲಾ ಅದರಿ, ಆದ್ರ ಕೀಲಿಕೈ ಅಕ್ಕ್ಯಾಗ..." ಹೆಡ್‌ಮಾಸ್ತರ್ ಬೆವರಿದ್ರು.

ಮುಂದಿನ ಸಾಲಿನ ಹುಡುಗಿ ಎದ್ದಳು. "ಅಕ್ಕಿ, ಕೀಲಿಕೈ ಮಿಶ್ರಣ ಆಗ್ಯಾವ್ರಿ. ಬ್ಯಾರೆ ಮಾಡ್ತೀವಿ."

ಹುಡುಗರು ತಾಡಪತ್ರಿ ಮ್ಯಾಲೆ ಅಕ್ಕಿ ಸುರುವಿ ಹರವಿದ್ರು. ನಾ ಎಲ್ಲರೆದುರು ಪಿಶವಿಯಿಂದ ಸ್ಪೀಕರ್ ಚುಂಬಕ ತಗದು ಕೊಟ್ಟೆ. ಎಂಟನೇ ಇಯತ್ತೆ ತಗೊಂಡ್ರ ತಗೋಲಿ ಅಂತ. ಹುಡುಗಿ ಅಕ್ಕಿ ಮ್ಯಾಲೆ ಆಡಿಸಿದ್ಳು. ಟಕ್! ಕೀಲಿಕೈ ಅಂಟ್ತು.

"ಇವರಿಗೆ ವಿಜ್ಞಾನ ಯಾರು ಕಲಿಸ್ತಾರ?" ಸಾಹೇಬ್ರು ಕೇಳಿದ್ರು.

ಹೆಡ್‌ಮಾಸ್ತರ್ ಹರಿದ ಉಡದಾರ ಕಟ್ಟಿಕೊಂಡ್ರು. "ಈ ಮೇಡಂ ರಿ. ಮುಂದೂ ಇವ್ರನ ಕಲಿಸ್ತಾರ."

ಆಮ್ಯಾಲೆ ಕಪಾಟು ತಗದ್ರು. ಒಳಗ ಹೊಸಾ ಚುಂಬಕ, ಮ್ಯಾಲಿನ ಕಾಗದ ಸೈತ ಬಿಚ್ಚಿರಲಿಲ್ಲ.

"ಇಷ್ಟು ಚೊಲೋ ಚುಂಬಕ ಇಲ್ಲಿರುವಾಗ ಮನಿಯಿಂದ ಯಾಕ ತಂದ್ರಿ?" ಸಾಹೇಬ್ರು ನನ್ನ ಕೇಳಿದ್ರು.

ಹೆಡ್‌ಮಾಸ್ತರ್ ನನ್ನ ಕಡೆ ನೋಡಿದ್ರು. ನಾ ಫ್ಯಾನ್ ಕಡೆ ನೋಡಿದೆ. ಅದ ಹುಡುಗಿ ಕೈ ಕಟ್ಟಿ ನಿಂತು ಹೇಳಿದ್ಳು:

"ಅದು ಸವೀತದಂತ್ರಿ ಸಾಹೇಬ್ರ. ನಿಮಗ ತೋರಸಾಕಂತ ಇಟ್ಟಾರ."