ಅತ್ತೆಯ ಹಾರ್ಡ್‌ಡಿಸ್ಕಿನಲ್ಲಿದ್ದ ನಲವತ್ತಮೂರನೆಯವನು

ಕಳೆದ ಕಾರ್ತಿಕದ ಮೊದಲ ಸೋಮವಾರ ಮಧ್ಯಾಹ್ನ ಒಂದೂವರೆಗೆ, ಹಿರಿಯೂರಿನಲ್ಲಿ ನಮ್ಮ ಸೋದರತ್ತೆ ಊಟಕ್ಕೆ ಹೊರಡುವಾಗ ತಮ್ಮ ಟೈಪಿಂಗ್ ಅಂಗಡಿಯ ಮೇನ್ ಸ್ವಿಚ್ ಆರಿಸಿದರು. ಆ ಹೊತ್ತಿನಲ್ಲಿ ಅವರ ಕಂಪ್ಯೂಟರಿನ ಹಳೆಯ ಹಾರ್ಡ್‌ಡಿಸ್ಕಿನಿಂದ ಹೊಸ ಡಿಸ್ಕಿಗೆ ಇಪ್ಪತ್ತು ವರ್ಷದ ಫೈಲುಗಳು ಸಾಗುತ್ತಿದ್ದವು. ಕೆಲವು ಈ ದಡದಲ್ಲಿ ಉಳಿದವು, ಕೆಲವು ಆ ದಡದಲ್ಲಿ. ನಡುನೀರಿನಲ್ಲಿದ್ದವು ಎಲ್ಲಿ ಹೋದವೋ!

ಇದರಲ್ಲಿ ತಮ್ಮ ತಪ್ಪೇನೂ ಇಲ್ಲ ಎಂಬುದು ಅತ್ತೆಯ ನಿಲುವು.

"ಉಣ್ಣೋ ಹೊತ್ತಲ್ಲಿ ಯಾರಾದ್ರೂ ಮಿಷನ್ ಓಡಿಸ್ತಾರೇನೋ? ಟೈಪ್‌ರೈಟರ್ ಕಾಲದಿಂದ್ಲೂ ಒಂದೂವರೆಗೆ ಕವರ್ ಮುಚ್ಚಿದೀನಿ. ಅದು ಒಂದಿನಾನಾದ್ರೂ ಕೆಟ್ಟಿತ್ತಾ?"

ಕೆಟ್ಟಿರಲಿಲ್ಲ.

ಇಡೀ ತಾಲ್ಲೂಕಿನಲ್ಲಿ ಅತಿ ಹೆಚ್ಚು ಪುಟ ಕಂಡವರೂ ಅತಿ ಕಡಿಮೆ ಓದಿದವರೂ ಒಬ್ಬರೇ, ಅದು ನಮ್ಮ ಅತ್ತೆ. ತಾಲ್ಲೂಕು ಕಚೇರಿಯ ಎದುರು ಕುಳಿತು ಅವರು ಭಾಗಪತ್ರ, ಉಯಿಲು, ತಕರಾರು ಅರ್ಜಿ, ಲಗ್ನಪತ್ರಿಕೆ ಎಲ್ಲವನ್ನೂ ಟೈಪ್ ಮಾಡಿದ್ದಾರೆ. ಒಂದನ್ನೂ ಓದಿಲ್ಲ. ಕಣ್ಣು ಅಕ್ಷರ ನೋಡಬೇಕು, ಬೆರಳು ಹೊಡೆಯಬೇಕು, ಅರ್ಥ ನಡುವೆ ತಲೆ ಹಾಕಬಾರದು. ಇದು ಅವರ ವೃತ್ತಿಧರ್ಮ. ಹಾಕಿದರೆ ತಪ್ಪು ಬೀಳುತ್ತದೆ, ಮೇಲೆ ಊರವರ ಗುಟ್ಟೆಲ್ಲ ಹೊಟ್ಟೆಯಲ್ಲಿ ಸೇರಿಕೊಳ್ಳುತ್ತದೆ.

"ಅಕ್ಕಾರೆ, ಸರಿ ಐತಾ ಒಂಚೂರು ಓದಿ ನೋಡ್ರಿ" ಎಂದು ಯಾರಾದರೂ ಅರ್ಜಿ ಚಾಚಿದರೆ, "ಓದಾಕೆ ಒಳಗೆ ಸಾಹೇಬ್ರು ಅದಾರೆ. ಸಂಬಳ ಅವರಿಗೆ ಕೊಡ್ತಾರೆ, ನಂಗಲ್ಲ" ಎನ್ನುತ್ತಾರೆ.

ನನ್ನ ಲಗ್ನಪತ್ರಿಕೆಯನ್ನು ಟೈಪ್ ಮಾಡಿದವರೂ ಅವರೇ. ಒಂದು ಕಾಗುಣಿತ ತಪ್ಪಿರಲಿಲ್ಲ. ವಾರ ಕಳೆದ ಮೇಲೆ ಫೋನ್ ಮಾಡಿ, "ಲೇ, ನಿನ್ ಮದ್ವೆ ಗೊತ್ತಾಗೈತಂತೆ? ಯಾವತ್ತು? ನಂಗೊಂದು ಮಾತು ಹೇಳಬಾರ್ದಾ?" ಎಂದು ಬೈದರು!

ಫೈಲುಗಳಿಗೆ ಹೆಸರಿಡುವುದರಲ್ಲೂ ಅದೇ ಧರ್ಮ. ಹೊಸದು, ಹೊಸದು ಎರಡು, ಹೊಸದು ಕೊನೇದು, ಹೊಸದು ಕೊನೇದು ಇದೇ. ಇಂಥ ಸಾವಿರಾರು ಫೈಲುಗಳ ಕಂಪ್ಯೂಟರ್ ಎಷ್ಟು ನಿಧಾನವಾಗಿತ್ತೆಂದರೆ, ಆನ್ ಮಾಡಿ ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿಂದು ಕೈ ತೊಳೆದು ಬರುವ ಹೊತ್ತಿಗೆ ಅದು ಆಗಷ್ಟೇ ಕಣ್ಣು ಬಿಡುತ್ತಿತ್ತು. ಹೊಸ ಡಿಸ್ಕ್ ಹಾಕಿಸೋಣ ಎಂದು ಹಟ ಹಿಡಿದವನು ನಾನು. ನಕಲು ತೆಗೆಯುವುದು ಬಿಟ್ಟು ಫೈಲುಗಳನ್ನು ನೇರ ಕಿತ್ತು ಸಾಗಿಸಲು ಹಚ್ಚಿದವನೂ ನಾನೇ. ದಾಖಲೆಗೆ ಇದೂ ಇರಲಿ. ಪತ್ರಿಕೆಯ ಡೆಸ್ಕಿನಲ್ಲಿ ಬೇರೆಯವರ ತಪ್ಪು ತಿದ್ದುವುದು ನನ್ನ ಉದ್ಯೋಗ.

ಮರುದಿನ ಯಲ್ಲದಕೆರೆಯಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ಅವರ ಗಂಡ ನಿವೃತ್ತ ಪ್ರೈಮರಿ ಮೇಷ್ಟ್ರು. ಮೂರು ವರ್ಷ ವಾರಕ್ಕೊಮ್ಮೆ ಅಂಗಡಿಗೆ ಬಂದು, ತಾವು ಪಾಠ ಹೇಳಿದ ಮಕ್ಕಳ ಬಗ್ಗೆ, ಒಬ್ಬೊಬ್ಬರಿಗೆ ಒಂದು ನಂಬರು, ಒಂದು ಪ್ಯಾರಾದಂತೆ ಬಾಯಲ್ಲಿ ಹೇಳಿ ಬರೆಸಿದ್ದರು. ಪೂರ್ತಿ ಮುಗಿದ ಮೇಲೆ ಪ್ರಿಂಟ್ ತೆಗೆದರಾಯಿತು ಎಂದಿದ್ದರು. ಅಷ್ಟರಲ್ಲಿ ಲಕ್ವ ಹೊಡೆದು ಬಲಗೈಯೂ ಮಾತೂ ನಿಂತವು.

"ದಿನಾ ಎಡಗೈಯಲ್ಲಿ ನಾಲ್ಕು ಬೆರಳು ತೋರಿಸ್ತಾರೆ ತಾಯಿ, ಆಮೇಲೆ ಮೂರು. ನಿಮ್ಮತ್ರ ಬರೆಸಿದ್ರಲ್ಲ, ಅದರಾಗಿನ ನಲವತ್ತಮೂರಾ ಅಂದ್ರೆ ಕಣ್ಣಾಗೆ ನೀರು ಹಾಕ್ತಾರೆ. ಅದೊಂದು ಹಾಳೆ ಕೊಡ್ರಿ. ಅವರು ಜಾಸ್ತಿ ದಿನ ಇರಲ್ಲ ಅಂದಾರೆ ಡಾಕ್ಟ್ರು."

ಅತ್ತೆ ಕಂಪ್ಯೂಟರಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ. "ಕುಂತ್ಕಳ್ರಿ, ನೀರು ಕುಡೀರಿ. ಒಂದು ವಾರ ಟೈಮ್ ಕೊಡ್ರಿ" ಎಂದರು. ಆ ದಿನ ಒಂದೂವರೆಗೆ ಊಟಕ್ಕೆ ಹೋಗಲಿಲ್ಲ.

ಎರಡೂ ಡಿಸ್ಕುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಚಿತ್ರದುರ್ಗಕ್ಕೆ ಹೋದೆವು. ಅಳಿದ ಫೈಲು ಹುಡುಕಿ ಕೊಡುವ ಅಂಗಡಿಯವರು ನಾಲ್ಕನೆಯ ದಿನ ಕರೆಸಿ, ಸತ್ತವರ ಮನೆಯವರ ಜೊತೆ ಮಾತಾಡುವ ದನಿಯಲ್ಲಿ ಹೇಳಿದರು: "ಡೇಟಾ ಬಂದೈತೆ ಸಾರ್. ಆದ್ರೆ ಪೂರ್ತಿ ಕರಪ್ಟು. ನೋಡ್ರಿ, ಇದ್ಯಾವ ದೇಶದ ಭಾಷೆ?"

ಪರದೆಯ ತುಂಬ ಟೋಪಿ ಹಾಕಿದ ಇಂಗ್ಲಿಷ್ ಎ, ಬಾಲ ಬಿಟ್ಟ ಸಿ, ನಡುನಡುವೆ ಅರ್ಧ, ಕಾಲಿನ ಗುರುತು. ನಾನೂ ಗಂಭೀರವಾಗಿ ತಲೆಯಾಡಿಸಿದೆ. ಅತ್ತೆ ಕನ್ನಡಕ ಏರಿಸಿ ಮುಂದೆ ಬಾಗಿದರು.

"‘ಇವನು ಮಗ್ಗಿಯಲ್ಲಿ ಹಿಂದೆ, ಮರ ಹತ್ತುವುದರಲ್ಲಿ ಮುಂದೆ. ಈಗ ಲೈನ್‌ಮನ್.’ ಇದರಾಗೆ ಕೆಟ್ಟಿರೋದೇನಪ್ಪ? ನಿನ್ ಮಿಷನ್ನಿಗೆ ನಮ್ ಹಳೇ ಕನ್ನಡ ಫಾಂಟ್ ಹಾಕಿಲ್ಲ, ಅಷ್ಟೇ! ಫಾಂಟ್ ಕೈಕೊಟ್ಟಾಗೆಲ್ಲ ನಮ್ಮಲ್ಲೂ ಹಿಂಗೇ ಬರೋದು, ನೋಡಿ ನೋಡಿ ರೂಢಿ ಆಗೈತೆ."

ಅಂಗಡಿಯವರು ನನ್ನ ಮುಖ ನೋಡಿದರು. ಅದೇ ಫಾಂಟಿನಲ್ಲಿ ಹತ್ತು ವರ್ಷ ಪುಟ ಕಟ್ಟಿದ ನಾನು ಗೋಡೆ ನೋಡಿದೆ. ಫಾಂಟ್ ಹಾಕಿದ ಐದು ನಿಮಿಷಕ್ಕೆ ಕನ್ನಡವೆಲ್ಲ ಎದ್ದು ಕುಳಿತಿತು.

ಆದರೆ ಮೂವತ್ತೆಂಟರ ಮುಂದೆ ನೇರ ನಲವತ್ತೊಂಬತ್ತು ಇತ್ತು. ನಡುವಿನ ಹತ್ತು ಮಕ್ಕಳು ಇರಲಿಲ್ಲ. ಅಂಗಡಿಯವರು ಇನ್ನೆರಡು ದಿನ ಹುಡುಕಿದರು. "ಆ ಜಾಗದ ಮೇಲೆ ಬೇರೆ ಏನೋ ಕುಂತ್‌ಬಿಟ್ಟೈತಮ್ಮ. ಅದು ಇನ್ನು ಬರಲ್ಲ" ಎಂದರು.

ಅತ್ತೆ ಎದ್ದು ಕಂಪ್ಯೂಟರಿನ ಹತ್ತಿರ ಹೋದರು. "ಆ ಕುರ್ಚಿ ಒಂಚೂರು ಬಿಡ್ರಿ" ಎಂದು ಕೀಬೋರ್ಡ್ ಎಳೆದುಕೊಂಡರು. ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು. ಬೆರಳು ಎಲ್ಲಿಯೂ ತಡವರಿಸಲಿಲ್ಲ.

"ಅತ್ತೆ, ನೀನು ಏನೂ ಓದಲ್ಲ ಅಂತಿದ್ದೆ?"

"ಓದಿಲ್ಲ ಕಣೋ. ಮೇಷ್ಟ್ರು ಹೇಳಿದ್ದು ಕೇಳಿಸ್ಕಂಡಿದೀನಿ. ಕಿವಿಗೆ ಯಾವ ಕವರ್ ಮುಚ್ಚಲಿ?"

ನಲವತ್ತಮೂರಕ್ಕೆ ಬಂದಾಗ ವೇಗ ಕಡಿಮೆಯಾಯಿತು. ಹಿಂದೆ ನಿಂತು ಓದಿದೆ: ‘ಚಾಕ್‌ಪೀಸ್ ಡಬ್ಬಿ ಕದ್ದನೆಂದು ಈ ಹುಡುಗನಿಗೆ ತರಗತಿಯ ಎದುರು ಎರಡು ಏಟು ಹೊಡೆದೆ. ಮರುದಿನ ಡಬ್ಬಿ ನನ್ನ ಸೈಕಲ್ಲಿನ ಚೀಲದಲ್ಲೇ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಹುಡುಗ ಮತ್ತೆ ಶಾಲೆಗೆ ಬರಲಿಲ್ಲ. ಅವನು ಕದ್ದಿರಲಿಲ್ಲ.’

ಮಾರನೆಯ ದಿನ ಯಲ್ಲದಕೆರೆಯಲ್ಲಿ, ಮಂಚದ ಪಕ್ಕ ಕುಳಿತು, ಅತ್ತೆ ಅದನ್ನು ಗಟ್ಟಿಯಾಗಿ ಓದಿದರು. ‘ಎರಡು ಏಟು’ ಎಂದಾಗ ಮೇಷ್ಟ್ರು ತಲೆ ಅಲ್ಲಾಡಿಸಿ ನಾಲ್ಕು ಬೆರಳು ತೋರಿಸಿದರು. ಅತ್ತೆ ಪೆನ್ನು ತೆಗೆದು ಎರಡನ್ನು ನಾಲ್ಕು ಮಾಡಿದರು. ಮೇಷ್ಟ್ರು ಹಾಳೆ ಮುಟ್ಟಿ, ಬಾಗಿಲ ಕಡೆ ಕೈ ತೋರಿಸಿದರು. ಅದನ್ನು ಅವನಿಗೆ ತಲುಪಿಸಬೇಕೆಂದು ಹೆಂಡತಿ ಅರ್ಥ ಹೇಳಿದರು; ಶಾಲೆ ಬಿಟ್ಟ ಆ ಹುಡುಗ ಯಾರೆಂದು ಅವರಿಗೆ ನೆನಪಿತ್ತು.

ಹುಡುಗನಿಗೆ ಈಗ ಐವತ್ತರ ಮೇಲೆ. ಭರಮಸಾಗರದಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾರೆ. ಅತ್ತೆ ಬಸ್ಸಿನಲ್ಲಿ ಹೋಗಿ ಹಾಳೆ ಕೊಟ್ಟರು. ಅವರು ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಎರಡು ಸಲ ಓದಿದರು. "ಮೇಷ್ಟ್ರು ಊಟ ಮಾಡ್ತಾರಾ?" ಎಂದಷ್ಟೇ ಕೇಳಿದರು.

ಕಳೆದ ಭಾನುವಾರ ಆ ಪಂಕ್ಚರ್ ಅಂಗಡಿಯವರು ಯಲ್ಲದಕೆರೆಗೆ ಹೋಗಿದ್ದರೆಂದು ಮೇಷ್ಟ್ರ ಹೆಂಡತಿ ಅತ್ತೆಗೆ ಫೋನ್ ಮಾಡಿ ತಿಳಿಸಿದ್ದಾರೆ. ಸಂಜೆಯವರೆಗೆ ಇದ್ದು, ಮೇಷ್ಟ್ರ ಎರಡೂ ಕೈಗಳ ಉಗುರು ತೆಗೆದು, ಐದೂವರೆಯ ಬಸ್ಸಿಗೆ ವಾಪಸಾದರಂತೆ.