ಹೋಗಿ ಬರುವ ಇಂಗ್ಲಿಷು

ನಾನು ಹ್ಯಾನೋವರ್‌ನಲ್ಲಿ ಕೂತು ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ನೀವು ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತೇನೆ, ಆ ಪ್ರಶ್ನೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಜರ್ಮನರಿಗೆ ಇಂಗ್ಲಿಷ್ ಹೇಳಿಕೊಡುವ ಮೈಸೂರಿನ ಹೆಂಗಸಿಗೆ ಸ್ಪ್ಯಾನಿಷ್ ಯಾಕೆ? "ಅಲ್ಲ, ಬೇಕರ್‍ಯಾಗ ಬ್ರೆಡ್ ಕೇಳಾಕ ಬೆರಳು ತೋರಸ್ತಿ. ಮೊದಲ ಜರ್ಮನ್ ಕಲೀಬಾರದೇನ?" ಎನ್ನುತ್ತಾನೆ ಹುಬ್ಬಳ್ಳಿಯವನಾದ ನನ್ನ ಗಂಡ. ಕಲಿಯುವುದಿಲ್ಲ, ಹೋಗಿ! ಜರ್ಮನ್‌ನಲ್ಲಿ ಒಂದು ಮಾತು ತಪ್ಪಿದರೆ ಕಚೇರಿಯವರು ಇನ್ನೊಂದು ಟೆರ್ಮಿನ್, ಅಂದರೆ ಭೇಟಿಯ ಸಮಯ, ತಗೊಂಡು ಬನ್ನಿ ಎಂದು ವಾಪಸ್ ಅಟ್ಟುತ್ತಾರೆ. ಸ್ಪ್ಯಾನಿಷ್‌ನಲ್ಲಿ ತಪ್ಪಿದರೆ ಯಾರ ಗಂಟೂ ಹೋಗುವುದಿಲ್ಲ. ಮೇಲಾಗಿ ಅದು ನಮ್ಮ ಹಾಗೆಯೇ 'ನನಗೆ ಕಾಫಿ ಇಷ್ಟ' ಎನ್ನುತ್ತದೆ, ಇಂಗ್ಲಿಷಿನ ಹಾಗೆ ಎಲ್ಲದಕ್ಕೂ ನಾನು ನಾನು ಎಂದು ಮುಂದೆ ನುಗ್ಗುವುದಿಲ್ಲ.

ಸ್ಪ್ಯಾನಿಷ್ ಜೊತೆ ನಾನು ಜಗಳವಾಡಿದ್ದು ಒಂದೇ ಸಲ. ನಾನು ಇಂಗ್ಲಿಷ್ ಪಾಠ ಮಾಡುವ ಸಂಜೆ ಶಾಲೆಯಲ್ಲೇ ಸ್ಪೇನಿನ ಕಾರ್ಮೆನ್ ಸ್ಪ್ಯಾನಿಷ್ ಹೇಳಿಕೊಡುತ್ತಾಳೆ. ಒಂದು ದಿನ ಬೋರ್ಡಿನ ಹತ್ತಿರ ಕರೆದಳು. ನಾನು 'ಬಂದೆ, ಬಂದೆ' ಎಂಬುದನ್ನೇ ಸ್ಪ್ಯಾನಿಷ್ ಮಾಡಿ "ವಿನೆ, ವಿನೆ" ಎಂದೆ. "ಎಲ್ಲಿ ಬಂದೆ? ಇನ್ನೂ ಕುರ್ಚಿಯಲ್ಲೇ ಇದ್ದೀಯಲ್ಲ!" ಎಂದಳು. ಅಮ್ಮ ಕರೆದರೆ ಹೊದಿಕೆಯೊಳಗಿನಿಂದಲೇ 'ಬಂದೆ' ಎನ್ನುವ ನಾಡಿನವಳು ನಾನು, ಇವಳಿಗೇನು ಗೊತ್ತು? ಅವರಲ್ಲಿ ಕರೆದರೆ 'ವೊಯ್, ವೊಯ್' ಎನ್ನಬೇಕಂತೆ, ಅಂದರೆ 'ಹೋಗ್ತೀನಿ, ಹೋಗ್ತೀನಿ'! ಶಿವಶಿವಾ, ನಮ್ಮಲ್ಲಿ ನಿಜವಾಗಿ ಹೊರಟಾಗಲೂ 'ಹೋಗಿ ಬರ್ತೀನಿ' ಎನ್ನಬೇಕು. ಬರುವವಳು ಹೋಗ್ತೀನಿ ಎನ್ನುವುದೇ? ನನ್ನ ಬಾಯಲ್ಲಿ ಆ ಮಾತು ಬರುವುದಿಲ್ಲ ಎಂದುಬಿಟ್ಟೆ.

ಅದೇ ವಾರ ಶಾಲೆಯ ಮುಖ್ಯಸ್ಥೆ ಫ್ರಾವ್ ವಿಂಟರ್ ನನ್ನನ್ನು ಕರೆಸಿದರು. ನನ್ನ ತರಗತಿಯ ಮಹಾಶಯನೊಬ್ಬ, ಈಕೆಯದು ಇಂಡಿಯಾದ ಇಂಗ್ಲಿಷ್, ಅಸಲಿ ಇಂಗ್ಲಿಷಿನವರು ಬೇಕು ಎಂದು ದೂರಿದ್ದನಂತೆ. ನಾನೇ ಬಂದು ಪಾಠ ಕೇಳುತ್ತೇನೆ, ಮುಂದಿನ ಅವಧಿಗೆ ತರಗತಿ ನಿಮಗೆ ಕೊಡಬೇಕೋ ಬೇಡವೋ ಆಮೇಲೆ ನೋಡೋಣ ಎಂದರು. ನನಗೆ ಮೈಯೆಲ್ಲ ಉರಿಯಿತು. ಭಯವೂ ಆಯಿತು, ಸುಳ್ಳು ಯಾಕೆ ಹೇಳಲಿ. ಈ ಊರಿನಲ್ಲಿ ನನ್ನನ್ನು ಟೀಚರ್ ಎಂದು ಕರೆಯುವ ಕೋಣೆ ಅದೊಂದೇ.

ಅವರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪಾಠವೇನೋ ಸುಸೂತ್ರವಾಗಿ ನಡೆಯಿತು. ಕೊನೆಯಲ್ಲಿ, ಟ್ರಾಮ್ ಓಡಿಸಿ ನಿವೃತ್ತನಾದ ಕ್ಲೌಸ್ ಎದ್ದು ಕೈಮುಗಿದು, "ಓಕೆ ಟೀಚರ್, ಐ ವಿಲ್ ಗೋ ಅಂಡ್ ಕಮ್!" ಎಂದ. ಅವನ ಹಿಂದೆಯೇ ಇಡೀ ತರಗತಿ ಗೋ ಅಂಡ್ ಕಮ್ ಎನ್ನುತ್ತ ಹೊರಟಿತು. ನಾನು ದಿನಾ ಹೇಳುವುದನ್ನು ಕೇಳಿ ಕಲಿತಿದ್ದರು, ಪಾಪ.

"ಇದು ಇಂಗ್ಲಿಷಾ?" ಎಂದರು ಫ್ರಾವ್ ವಿಂಟರ್.

"ಹೌದು."

"ಯಾವ ಪುಸ್ತಕದಲ್ಲೂ ಇಲ್ಲ."

"ಹಾಗಾದರೆ ಪುಸ್ತಕದ್ದೇ ತಪ್ಪು. ನೋಡಿ, ಗೋ ಅಂಡ್ ಕಮ್ ಅಂದ ಕ್ಲೌಸ್ ಪ್ರತಿ ವಾರ ಬರ್ತಾನೆ. ದೂರು ಕೊಟ್ಟ ಮಹಾಶಯರು ಬರೀ ಬೈ ಅಂದು ಹೋದವರು, ಆಮೇಲೆ ಈ ಕಡೆ ತಲೆ ಹಾಕಿಲ್ಲ!"

ಅವರ ಮುಖ ಸಡಿಲವಾಯಿತು. ಪರೀಕ್ಷೆಯಲ್ಲಿ ಮಾತ್ರ ಹೀಗೆ ಬರೆಯಬೇಡಿ ಎಂದು ಹೇಳಿಕೊಡಿ, ತರಗತಿ ನಿಮ್ಮದೇ ಎಂದರು. ಬಾಗಿಲಲ್ಲಿ ತಿರುಗಿ, "ಐ ಗೋ ಅಂಡ್ ಕಮ್" ಎಂದರು.

"ಐ ವಿಲ್," ಎಂದು ತಿದ್ದಿದೆ. ಬಿಡುತ್ತೇನೆಯೇ?

ಗೆದ್ದ ಅಮಲಿನಲ್ಲಿ ಮನೆಗೆ ಬಂದು, ಭಾಷೆಯ ಮರ್ಯಾದೆ ಉಳಿಸಿದ ಕಥೆಯನ್ನು ಅಕ್ಕನಿಗೆ ಫೋನಿನಲ್ಲಿ ಬಣ್ಣಿಸುತ್ತಿದ್ದೆ. ಗಂಡ ಅಡುಗೆಮನೆಯಿಂದ ಊಟಕ್ಕೆ ಕರೆದ.

"ಹೋಗ್ತೀನಿ, ಹೋಗ್ತೀನಿ!" ಎಂದು ಕೂಗಿದೆ.

ಗಂಡ ಸೌಟು ಹಿಡಿದುಕೊಂಡೇ ಓಡಿಬಂದ.

"ಎಲ್ಲಿಗೆ ಹೊಂಟಿ? ಉಣ್ಣಾಕ ಬಾ ಅಂದೆ!"